ಒಂದೇ ಜೀನು, ಒಂದು ಕಾಗದದ ಪಟ್ಟಿ: ಪಿಯುಸಿ ಮಕ್ಕಳಿಗೆ ಮ್ಯುಟೇಶನ್ ಮತ್ತು ಜೀನ್ ಎಡಿಟಿಂಗ್ ಪಾಠ ಮಾಡುವ ಬಗೆ

ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ಮ್ಯುಟೇಶನ್, ಅಂದರೆ ಡಿಎನ್ಎ ಅಕ್ಷರಗಳಲ್ಲಾಗುವ ಬದಲಾವಣೆ, ಒಂದು ಕಡೆ ಕೂತಿಲ್ಲ. ಆನುವಂಶೀಯತೆಯ ಅಧ್ಯಾಯದಲ್ಲಿ ಸಿಕಲ್ ಸೆಲ್ ಎಂಬ ರಕ್ತದ ರೋಗದ ಬಗ್ಗೆ ಒಂದು ಪ್ಯಾರಾ, ಜೆನೆಟಿಕ್ ಕೋಡ್ ಪಾಠದಲ್ಲಿ ಇನ್ನೊಂದು ಪ್ಯಾರಾ, ಬಯೋಟೆಕ್ನಾಲಜಿಗೆ ಬಂದಾಗ 1990ರಲ್ಲಿ ಎಡಿಎ ಎಂಬ ಎಂಜೈಮಿನ ಕೊರತೆಯಿದ್ದ ನಾಲ್ಕು ವರ್ಷದ ಹುಡುಗಿಗೆ ಕೊಟ್ಟ ಜೀನ್ ಥೆರಪಿ. ನಡುವೆ ತಿಂಗಳುಗಳು ಕಳೆದಿರುತ್ತವೆ. ಮೂರನೆಯದನ್ನು ಓದುವಾಗ ಮೊದಲನೆಯದು ಯಾರಿಗೂ ನೆನಪಿರುವುದಿಲ್ಲ. ಅದರ ಮೇಲೆ ಯೂಟ್ಯೂಬ್‌ನಲ್ಲಿ ಡಿಎನ್ಎ ತಿದ್ದುವ ಕ್ರಿಸ್ಪರ್ ಅಂತ ನೋಡಿಕೊಂಡು ಬಂದು, "ಮೇಡಂ, ಇನ್ಮೇಲೆ ಬೇಕಾದ ಹಾಗೆ ಮಗೂನ ಮಾಡ್ಕೋಬಹುದಂತಲ್ಲ?" ಅಂತ ಕೇಳುತ್ತಾರೆ.

ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಪಾಠ ಮಾಡುವವಳು. ಹೆಚ್ಚಿನ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಇಲ್ಲಿ ಬಂದು ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿದವರು. ಲ್ಯಾಬ್ ಅಂದರೆ ನಾಲ್ಕು ಮೈಕ್ರೋಸ್ಕೋಪ್, ಒಂದು ಸಿಂಕ್. ಡಿಎನ್ಎ ತುಣುಕು ಬೇರ್ಪಡಿಸಲು ಜೆಲ್ ಓಡಿಸುವ ಸಲಕರಣೆ ಇಲ್ಲ, ಬರುವ ನಂಬಿಕೆಯೂ ಇಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕಾಗದ, ಕತ್ತರಿ, ಸೆಲ್ಲೋಟೇಪ್, ಲೂಡೋ ದಾಳದಲ್ಲಿ ಆಗುವಂಥದ್ದು. ಬಾಳೆಹಣ್ಣಿನಿಂದ ಡಿಎನ್ಎ ತೆಗೆಯುವ ಪ್ರಯೋಗ ಬೇಕಾದರೆ ಮಾಡಿ, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಆ ಬಿಳಿ ಲೋಳೆ ನೋಡಿ ಮ್ಯುಟೇಶನ್ ಅರ್ಥ ಆದವರನ್ನು ನಾನು ಕಂಡಿಲ್ಲ.

ಇಡೀ ವಿಷಯಕ್ಕೆ ಒಂದೇ ಜೀನ್ ಹಿಡಿಯಿರಿ: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯದ್ದು, 11ನೇ ಕ್ರೋಮೋಸೋಮಿನಲ್ಲಿರುವುದು. ಸಿಲೆಬಸ್ ಕೇಳುವ ಪಾಯಿಂಟ್ ಮ್ಯುಟೇಶನ್, ಫ್ರೇಮ್‌ಶಿಫ್ಟ್, ಗೊತ್ತಾದ ಜಾಗದಲ್ಲಿ ಡಿಎನ್ಎ ಕತ್ತರಿಸುವ ರಿಸ್ಟ್ರಿಕ್ಷನ್ ಎಂಜೈಮ್, ಜೀನ್ ಥೆರಪಿ ನಾಲ್ಕೂ ಇದೊಂದರಲ್ಲೇ ಸಿಗುತ್ತವೆ.

ಮೊದಲು ಕನ್ನಡದ ಒಂದು ವಾಕ್ಯ

ಪುಸ್ತಕದಲ್ಲಿ ಫ್ರೇಮ್‌ಶಿಫ್ಟ್‌ಗೆ ರಾಮನ ಕೆಂಪು ಟೋಪಿಯ ಇಂಗ್ಲಿಷ್ ವಾಕ್ಯ ಕೊಟ್ಟಿದ್ದಾರೆ. ಅದು ಒಳ್ಳೆಯದೇ. ಆದರೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಕೆಟ್ಟಿದ್ದು ಕಿವಿಗೆ ಗೊತ್ತಾಗುವುದಿಲ್ಲ, ಕನ್ನಡ ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ. ಬೋರ್ಡಿನ ಮೇಲೆ ಇದನ್ನು ಬರೆಯಿರಿ, ಜೀವಕೋಶ ಡಿಎನ್ಎಯನ್ನು ಮೂರು ಮೂರು ಅಕ್ಷರವಾಗಿ ಓದುವಂತೆ ಇಲ್ಲೂ ಪ್ರತಿ ಪದಕ್ಕೂ ಮೂರೇ ಅಕ್ಷರ:

ಕಮಲ ಮನೆಗೆ ಹೂವನ್ನು ತಂದಳು

ಹೂವನ್ನು ಅಳಿಸಿ ಹೂವನು ಮಾಡಿ. ಒಂದಕ್ಷರ ಬದಲಾಯಿತು, ಅರ್ಥ ಅದೇ, ಇದು ಸೈಲೆಂಟ್. ಈಗ ಹೂ ಇದ್ದಲ್ಲಿ ಹಾ ಹಾಕಿ: ಕಮಲ ಮನೆಗೆ ಹಾವನ್ನು ತಂದಳು. ಕ್ಲಾಸು ನಗುತ್ತದೆ. ಬದಲಾದದ್ದು ಒಂದೇ ಅಕ್ಷರ, ವ್ಯಾಕರಣ ಸರಿಯಾಗಿದೆ, ಮನೆಯವರ ಗತಿ ಮಾತ್ರ ಬೇರೆ. ಇದು ಮಿಸ್‌ಸೆನ್ಸ್. ಮನೆಗೆ ಆದ ಮೇಲೆ ಪೂರ್ಣವಿರಾಮ ಇಟ್ಟು ಉಳಿದದ್ದನ್ನು ಕೈಯಲ್ಲಿ ಮುಚ್ಚಿ. ಅದು ನಾನ್‌ಸೆನ್ಸ್. ಕೊನೆಗೆ ಕಮಲ ಆದ ಮೇಲೆ ಸುಮ್ಮನೆ ಒಂದು ಸ ತುರುಕಿ, ಮೂರು ಮೂರು ಅಕ್ಷರ ಓದಿಸಿ:

ಕಮಲ ಸಮನೆ ಗೆಹೂವ ನ್ನುತಂದ ಳು

ಇಡೀ ಬೆಂಚು ತಡವರಿಸುತ್ತದೆ. ಇದೇ ಫ್ರೇಮ್‌ಶಿಫ್ಟ್. ಆಮೇಲೆ ಆ ಸ ಬದಲು ಸಂಜೆಗೆ ಅಂತ ಮೂರಕ್ಷರ ಸೇರಿಸಿ: ಕಮಲ ಸಂಜೆಗೆ ಮನೆಗೆ ಹೂವನ್ನು ತಂದಳು. ಒಂದಕ್ಷರ ಸೇರಿದರೆ ಎಲ್ಲ ಹಾಳು, ಮೂರು ಸೇರಿದರೆ ಏನೂ ಆಗದಂತೆ ನಡೆದುಹೋಗುತ್ತದೆ ಅನ್ನುವುದನ್ನು ನೀವು ಹೇಳಬೇಕಾಗಿಯೇ ಬರುವುದಿಲ್ಲ, ಯಾರಾದರೂ ಒಬ್ಬರು ಹೇಳಿಬಿಡುತ್ತಾರೆ. ಮನೆಗೆ ಇಂಥದೇ ಇನ್ನೊಂದು ವಾಕ್ಯ ಕಟ್ಟಿಕೊಂಡು ಬರಲು ಹೇಳಿ. ಅನುಸ್ವಾರ, ಒತ್ತಕ್ಷರದ ಲೆಕ್ಕದಲ್ಲಿ ಕನ್ನಡ ಲೆಕ್ಚರರ್ ಹತ್ತಿರ ಹೋಗಿ ಜಗಳ ತೀರಿಸಿಕೊಂಡು ಬರುತ್ತಾರೆ.

ಪಟ್ಟಿ ಮಾಡಿಕೊಳ್ಳುವುದು

ಅಂಗಡಿ ಬಿಲ್ಲಿನ ರೋಲ್ ಒಂದು ತನ್ನಿ. ಇಬ್ಬಿಬ್ಬರಿಗೆ ಒಂದೊಂದು ಉದ್ದದ ಪಟ್ಟಿ ಹರಿದು ಕೊಡಿ. ಅದರ ಮೇಲೆ ಬೀಟಾ ಗ್ಲೋಬಿನ್ ಜೀನಿನ ಆರಂಭವನ್ನು ಬರೆಸಿ. ಡಿಎನ್ಎ ಅಕ್ಷರಗಳು ಎ, ಟಿ, ಜಿ, ಸಿ ನಾಲ್ಕೇ. ಓದು ಶುರುವಾಗುವ ಎಟಿಜಿಗೆ ಮುಂಚೆ ಒಂದು ಸಿ ಇರಲಿ, ಅದರ ಕೆಲಸ ಆಮೇಲೆ ಇದೆ:

ಸಿ ಎಟಿಜಿ ಜಿಟಿಜಿ ಸಿಎಟಿ ಸಿಟಿಜಿ ಎಸಿಟಿ ಸಿಸಿಟಿ ಜಿಎಜಿ ಜಿಎಜಿ ಎಎಜಿ ಟಿಸಿಟಿ ಜಿಸಿಸಿ ಜಿಟಿಟಿ ಎಸಿಟಿ ಜಿಸಿಸಿ ಸಿಟಿಜಿ ಟಿಜಿಜಿ ಜಿಜಿಸಿ ಎಎಜಿ ಜಿಟಿಜಿ ಎಎಸಿ ಜಿಟಿಜಿ ಜಿಎಟಿ ಜಿಎಎ

ಡಿಎನ್ಎಯ ಎರಡು ಎಳೆಗಳಲ್ಲಿ ಇದು ಕೋಡಿಂಗ್ ಎಳೆ. ಎದುರಿನ ಎಳೆಯನ್ನು ಒಮ್ಮೆ ಬರೆಸಿ, ಪ್ರೋಟೀನ್ ಕಟ್ಟಲು ಬಳಸುವ ನಕಲಾದ ಎಂಆರ್‌ಎನ್ಎಯಲ್ಲಿ ಟಿ ಹೋಗಿ ಯು ಬರುವುದನ್ನು ತೋರಿಸಿ, ಅಲ್ಲಿಗೆ ಬಿಟ್ಟುಬಿಡಿ. ಮುಂದಿನ ಕೆಲಸವೆಲ್ಲ ಕೋಡಿಂಗ್ ಎಳೆಯಲ್ಲೇ ನಡೆಯಲಿ. ಎರಡೂ ಎಳೆ ಇಟ್ಟುಕೊಂಡು ಓಡಾಡಿದರೆ ಜಿಎಜಿ ಎಲ್ಲಿ, ಸಿಟಿಸಿ ಎಲ್ಲಿ ಅನ್ನುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ಪಟ್ಟಿ ಬರೆಯುವಾಗಲೇ ಒಂದು ಆಟ ಸೇರಿಸಬಹುದು. ಮೊದಲ ಬೆಂಚಿಗೆ ಮಾತ್ರ ಮೂಲ ಕೊಡಿ. ಅವರು ಅರ್ಧ ನಿಮಿಷದಲ್ಲಿ ನಕಲು ಮಾಡಿ ಹಿಂದಿನ ಬೆಂಚಿಗೆ ದಾಟಿಸಬೇಕು, ಅವರು ತಮ್ಮ ಹಿಂದಿನವರಿಗೆ. ಕೊನೆಯ ಬೆಂಚಿನ ಪಟ್ಟಿಯನ್ನು ಮೂಲದ ಪಕ್ಕ ಇಟ್ಟು ತಪ್ಪುಗಳಿಗೆ ಗುಂಡು ಹಾಕಿಸಿ. "ಇದನ್ನ ಯಾರು ಬೇಕೂಂತ ಮಾಡಿದ್ದು?" ಅಂತ ಕೇಳಿ. ಯಾರೂ ಇಲ್ಲ. ಜಿರಾಫೆಗೆ ಕತ್ತು ಉದ್ದ ಬೇಕಾಗಿತ್ತು ಅದಕ್ಕೆ ಮ್ಯುಟೇಶನ್ ಆಯಿತು ಅನ್ನುವ ಉತ್ತರ ಪ್ರತಿ ವರ್ಷ ಬರುತ್ತದೆ. ಅದಕ್ಕೆ ಮದ್ದು ಇಲ್ಲೇ ಇದೆ: ತಪ್ಪು ಮೊದಲು ಬೀಳುತ್ತದೆ, ಉಪಯೋಗವೋ ಅಪಾಯವೋ ಆಮೇಲಿನ ಮಾತು. ಜೀವಕೋಶ ನಮ್ಮ ಕೊನೆ ಬೆಂಚಿಗಿಂತ ಬಹಳ ಚೆನ್ನಾಗಿ ನಕಲು ಮಾಡುತ್ತದೆ. ತಿದ್ದಿಕೊಂಡ ಮೇಲೂ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಆದರೂ ಪ್ರತಿ ಮಗುವಿನಲ್ಲೂ ಅಪ್ಪನಲ್ಲೂ ಅಮ್ಮನಲ್ಲೂ ಇಲ್ಲದ 60-70 ಹೊಸ ಮ್ಯುಟೇಶನ್ ಇರುತ್ತವೆ. ಇದನ್ನು ಹೇಳಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮ್ಯುಟೇಶನ್ ಅಂದರೆ ರೋಗ ಅನ್ನುವ ಗಂಟು ಅಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಆರನೆಯದೋ ಏಳನೆಯದೋ

ಈಗ ಮೂರಕ್ಷರದ ಯಾವ ಕೋಡಾನಿಗೆ ಪ್ರೋಟೀನಿನ ಯಾವ ಅಮೈನೋ ಆಮ್ಲ ಅನ್ನುವ ಕೋಷ್ಟಕ ನೋಡಿ ಬರೆಸಿ. ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೋನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ. ಮೊದಲ ಜಿಎಜಿಯ ನಡುವಿನ ಎ ಹೊಡೆದು ಕೆಂಪು ಪೆನ್ನಿನಲ್ಲಿ ಟಿ ಬರೆಸಿ. ಜಿಟಿಜಿ, ವ್ಯಾಲಿನ್. ಇಷ್ಟೇ ಸಿಕಲ್ ಸೆಲ್, ಕನ್ನಡ ಪುಸ್ತಕದ ಕುಡುಗೋಲು ಕಣ ರೋಗ. ಆಗ ಒಬ್ಬರಾದರೂ ಕೈ ಎತ್ತಬೇಕು: "ಮೇಡಂ, ಬುಕ್ಕಲ್ಲಿ ಆರನೇದು ಅಂತಿದೆ, ಎಣಿಸಿದ್ರೆ ಏಳನೇದು ಬರ್ತಿದೆ." ಎತ್ತದಿದ್ದರೆ ಯಾರೂ ಎಣಿಸಿಲ್ಲ ಅಂತ ಅರ್ಥ, ಮತ್ತೆ ಎಣಿಸಿ ಅನ್ನಿ. ಸರಪಳಿ ತಯಾರಾಗುವಾಗ ಮೊದಲ ಮೆಥಿಯೋನಿನ್ ಕಳಚಿಹೋಗುತ್ತದೆ, ಆದ್ದರಿಂದ ಪ್ರೋಟೀನಿನಲ್ಲಿ ಅದು ಆರನೆಯದು. ಪರೀಕ್ಷೆಯಲ್ಲಿ ಆರು ಅಂತಲೇ ಬರೆಯಿರಿ ಅನ್ನುವುದನ್ನೂ ಇದೇ ಬಾಯಲ್ಲಿ ಹೇಳಿಬಿಡಿ.

ಇಲ್ಲೇ ರಿಸ್ಟ್ರಿಕ್ಷನ್ ಎಂಜೈಮ್ ಸಿಕ್ಕಿಸಿ. ಎಂಎಸ್‌ಟಿ-2 ಅನ್ನುವುದು ಸಿಸಿಟಿ, ಯಾವುದಾದರೂ ಒಂದು ಅಕ್ಷರ, ಎಜಿಜಿ ಇದ್ದಲ್ಲಿ ಕತ್ತರಿಸುತ್ತದೆ. ಮಾಮೂಲಿ ಪಟ್ಟಿಯಲ್ಲಿ ಸಿಸಿಟಿಜಿಎಜಿಜಿ ಸಿಗುತ್ತದೆ, ಸಿಕಲ್ ಪಟ್ಟಿಯಲ್ಲಿ ಆ ಜಾಗ ಮಾಯ. ಹುಡುಕಿಸಿ ಸಾಕು, ವಿವರಣೆ ಬೇಡ.

ಸಿಕಲ್ ಸೆಲ್ ಮಾತು ಬಂದಾಗ ನಮ್ಮ ಕಡೆಯ ಲೆಕ್ಚರರ್‌ಗಳಿಗೆ ಒಂದು ವಿಷಯ ಹೇಳಲೇಬೇಕು. ಈ ಸೀಮೆಯ ಜೇನುಕುರುಬ, ಸೋಲಿಗರಂಥ ಸಮುದಾಯಗಳಲ್ಲಿ ಇದು ಇದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾಡಿಗಳಿಂದ ಬರುವ ಮಕ್ಕಳಲ್ಲಿ ಕೆಲವರ ರಕ್ತ ಪರೀಕ್ಷೆ ಆಗಿರುತ್ತದೆ, ಕಾರ್ಡೂ ಇರುತ್ತದೆ. ಕ್ಲಾಸಿನಲ್ಲಿ ಯಾರಿಗಿದೆ ಅಂತ ಕೇಳಬೇಡಿ. ಅವರವರ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ ಅಂತಲೂ ಬೇಡ, ನೀವೇ ಒಂದು ಕಲ್ಪಿತ ಮನೆತನ ಕೊಡಿ. ಇದನ್ನು ಆದಿವಾಸಿಗಳ ರೋಗ ಅಂತ ಯಾರಾದರೂ ಅಂದರೆ ಪಶ್ಚಿಮ ಆಫ್ರಿಕಾ, ಅರೇಬಿಯಾ, ಗ್ರೀಸ್ ಇರುವ ನಕ್ಷೆ ತೋರಿಸಿ, ಮಲೇರಿಯಾ ಕಾಡಿದ ನೆಲ ಅದು. ಸಿಕಲ್ ಜೀನಿನ ಒಂದು ಪ್ರತಿ ಮಾತ್ರ ಇರುವ ಕ್ಯಾರಿಯರ್‌ಗಳಿಗೆ ಫಾಲ್ಸಿಪೇರಂ ಮಲೇರಿಯಾ ಅಷ್ಟು ತೀವ್ರವಾಗಿ ತಾಗುವುದಿಲ್ಲ ಅನ್ನುವುದನ್ನು ಆಗಲೇ ಹೇಳಿ. ಅದೇ ಪೀರಿಯಡ್‌ನಲ್ಲಿ ಎಲ್ಲ ಜಾತಿಯಲ್ಲೂ ಕಾಣುವ, ಬೀಟಾ ಸರಪಳಿ ಸಾಕಷ್ಟು ತಯಾರಾಗದ ರೋಗವಾದ ಬೀಟಾ ಥಲಸ್ಸೇಮಿಯಾವನ್ನೂ ತನ್ನಿ. ಒಂದೇ ಜೀನಿನ ಎರಡು ರೋಗ ಪಕ್ಕಪಕ್ಕ ಕೂತರೆ ಯಾರೂ ಒಂಟಿಯಾಗಿ ತಲೆ ತಗ್ಗಿಸಬೇಕಾಗುವುದಿಲ್ಲ.

ಇನ್ನೊಂದು: ಕ್ಯಾರಿಯರ್ ಗಂಡ-ಹೆಂಡತಿಯ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಅಂದರೆ ನಾಲ್ಕನೇ ಮಗುವಿಗೆ ಅಂತ ತಿಳಿದವರಿದ್ದಾರೆ, ಮಕ್ಕಳಷ್ಟೇ ಅಲ್ಲ. ಪ್ರತಿ ಬಸಿರಿಗೂ ಹೊಸದಾಗಿ ಅದೇ ಲೆಕ್ಕ. ಇದನ್ನು ಮನೆಗೆ ಹೋಗಿ ಹೇಳುವ ಮಗು ಕ್ಲಾಸಿನಲ್ಲಿ ಇರಬಹುದು, ಹಾಗಾಗಿ ಸ್ಪಷ್ಟವಾಗಿ ಹೇಳಿ.

ಕತ್ತರಿಸುವುದು

ಕ್ರಿಸ್ಪರ್ ಕಥೆಯನ್ನು ಐದು ನಿಮಿಷದಲ್ಲಿ ಮುಗಿಸಿ. ಬ್ಯಾಕ್ಟೀರಿಯಾ ತನ್ನ ಮೇಲೆ ಬಿದ್ದ ವೈರಸ್ಸಿನ ಡಿಎನ್ಎ ತುಣುಕನ್ನು ತನ್ನ ಜೀನೋಮಿನಲ್ಲೇ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ವೈರಸ್ ಬಂದರೆ ಆ ತುಣುಕಿನ ಆರ್‌ಎನ್ಎ ನಕಲು ಹಿಡಿದು ಹುಡುಕಿ ಕತ್ತರಿಸುತ್ತದೆ. ಅದನ್ನು ನಮಗೆ ಬೇಕಾದ ಜಾಗಕ್ಕೆ ತಿರುಗಿಸಬಹುದು ಅಂತ ಜೆನಿಫರ್ ಡೌಡ್ನಾ, ಎಮ್ಯಾನ್ಯುಯೆಲ್ ಶಾರ್ಪಾಂತಿಯೆ 2012ರಲ್ಲಿ ತೋರಿಸಿದರು, 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎಲ್ಲ ವಿಡಿಯೋಗಳೂ ಇದನ್ನು ಅಣುಗಾತ್ರದ ಕತ್ತರಿ ಅಂತ ಕರೆದು ಅಲ್ಲಿಗೇ ನಿಲ್ಲಿಸುತ್ತವೆ. ಡಿಎನ್ಎ ಕತ್ತರಿಸುವ ಎಂಜೈಮ್ 1970ರ ದಶಕದಿಂದಲೇ ನಮ್ಮ ಕೈಯಲ್ಲಿವೆ. ಹೊಸದು ಇದ್ದದ್ದು ಹುಡುಕುವುದರಲ್ಲಿ, ಕಷ್ಟ ಇರುವುದು ಕತ್ತರಿಸಿದ ಮೇಲೆ. ಪಾಠದ ಸಮಯವನ್ನೆಲ್ಲ ಈ ಎರಡಕ್ಕೆ ಕೊಡಿ.

ನಿಯಮ ಹೇಳಿ: ಕತ್ತರಿಸುವ ಎಂಜೈಮ್ ಆದ ಕ್ಯಾಸ್-9 ಡಿಎನ್ಎ ಮೇಲೆ ಕೂರಬೇಕಾದರೆ ಯಾವುದಾದರೂ ಒಂದು ಅಕ್ಷರ, ಅದಾದ ಕೂಡಲೇ ಜಿಜಿ ಇರಬೇಕು. ಇದು ಪ್ಯಾಮ್. ಪ್ಯಾಮಿಗೆ ಮುಂಚಿನ 20 ಅಕ್ಷರ ಜಾಗ ತೋರಿಸುವ ಗೈಡ್ ಆರ್‌ಎನ್ಎಗೆ ಹೊಂದಬೇಕು. ಕತ್ತರಿ ಬೀಳುವುದು ಪ್ಯಾಮಿಗಿಂತ ಮೂರು ಅಕ್ಷರ ಹಿಂದೆ. ಈಗ ಸಿಕಲ್ ಜಾಗದ ಹತ್ತಿರ ಪ್ಯಾಮ್ ಹುಡುಕಿ ಅನ್ನಿ. ಸಿಸಿಟಿ ಜಿಎಜಿ ಜಿಎಜಿ ಇರುವಲ್ಲಿ ಎಜಿಜಿ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ 20 ಎಣಿಸಿದರೆ ಸರಿಯಾಗಿ ಆ ಮೊದಲ ಒಂಟಿ ಸಿಗೆ ಬಂದು ನಿಲ್ಲುತ್ತದೆ. ಅದನ್ನು ಬರೆಸಿದ್ದು ಇದಕ್ಕೇ. ಕತ್ತರಿ ಬೀಳುವ ಜಾಗ ಸಿಸಿಟಿಯ ಮೊದಲ ಸಿ ಆದ ಮೇಲೆ.

ಇಲ್ಲಿ ಚುರುಕಿನವರಿಗೆ ಒಂದು ಪ್ರಶ್ನೆ ಎಸೆಯಿರಿ: ಈ ಗೈಡ್ ರೋಗದ ಪ್ರತಿಯನ್ನು ಮಾತ್ರ ಕತ್ತರಿಸುತ್ತದೋ, ಆರೋಗ್ಯದ ಪ್ರತಿಯನ್ನೂ ಕತ್ತರಿಸುತ್ತದೋ? ಸಿಕಲ್ ಪಟ್ಟಿಯಲ್ಲಿ ಎಜಿಜಿ ಹೋಗಿ ಟಿಜಿಜಿ ಆಗಿದೆ. ಬದಲಾದ ಅಕ್ಷರ ಬಿದ್ದಿರುವುದು ಪ್ಯಾಮಿನ ಯಾವುದಾದರೂ ಆಗಬಹುದು ಅನ್ನುವ ಜಾಗದಲ್ಲೇ. ಅಂದರೆ ಈ ಗೈಡಿಗೆ ಎರಡೂ ಒಂದೇ. ಇದನ್ನು ತಾವೇ ಕಂಡುಕೊಂಡ ಮಕ್ಕಳ ಮುಖ ನೋಡಬೇಕು.

ಈಗ ಕತ್ತರಿ ಕೊಟ್ಟು ಪಟ್ಟಿ ಕತ್ತರಿಸಿಸಿ. ಜೀವಕೋಶಕ್ಕೆ ತುಂಡಾದ ಡಿಎನ್ಎ ಅಂದರೆ ಜೀವಭಯ, ಸಿಕ್ಕಿದ ಹಾಗೆ ಅಂಟಿಸಿಕೊಳ್ಳುತ್ತದೆ. ಪ್ರತಿ ಜೋಡಿಯೂ ದಾಳ ಹಾಕಲಿ. ಒಂದು ಅಥವಾ ಎರಡು ಬಿದ್ದರೆ ತುಂಡಾದಲ್ಲಿ ಒಂದಕ್ಷರ ಕಿತ್ತು ಅಂಟಿಸಿ. ಮೂರು, ನಾಲ್ಕಕ್ಕೆ ಮನಸ್ಸಿಗೆ ಬಂದ ಒಂದಕ್ಷರ ಸೇರಿಸಿ. ಐದಕ್ಕೆ ಮೂರಕ್ಷರ ಕಿತ್ತುಹಾಕಿ. ಆರಕ್ಕೆ ಇದ್ದಂತೆಯೇ ಅಂಟಿಸಿ. ದಾಳದ ಈ ಹಂಚಿಕೆ ನನ್ನದು, ಪ್ರಕೃತಿಯದಲ್ಲ ಅಂತ ಮಕ್ಕಳಿಗೂ ಹೇಳಿ.

ಮತ್ತೆ ಮೂರು ಮೂರು ಓದಿಸಿ. ಒಂದಕ್ಷರ ಸೇರಿಸಿದವರಿಗೆ, ಯಾವ ಅಕ್ಷರ ಸೇರಿಸಿದ್ದರೂ, ಮುಂದಿನ ಕೋಡಾನೇ ಟಿಜಿಎ. ಅಲ್ಲಿಗೆ ಸ್ಟಾಪ್, ಸರಪಳಿ ಮುಗಿಯಿತು. ಸಿ ಕಳೆದುಕೊಂಡವರು ಸ್ವಲ್ಪ ದೂರ ಅರ್ಥವಿಲ್ಲದ ಅಮೈನೋ ಆಮ್ಲ ಓದುತ್ತ ಹೋಗಿ 19ನೇ ಕೋಡಾನಿನಲ್ಲಿ ಟಿಜಿಎಗೆ ಡಿಕ್ಕಿ ಹೊಡೆಯುತ್ತಾರೆ. ಸಿಕಲ್ ಪಟ್ಟಿಯಾದರೆ ಒಂದಕ್ಷರ ಸೇರಿದವರಿಗೆ ಟಿಜಿಟಿ ಬಂದು ಸರಪಳಿ ಇನ್ನಷ್ಟು ಮುಂದೆ ಹೋಗುತ್ತದೆ, ಆದರೆ ಅದೂ ಹಾಳೇ. ಬೀಟಾ ಸರಪಳಿ ತಯಾರಾಗುವುದೇ ಇಲ್ಲ ಅಂದರೆ ಏನು ರೋಗ? ಥಲಸ್ಸೇಮಿಯಾ. ಸಿಕಲ್ ಸೆಲ್ ಗುಣಪಡಿಸಲು ಹೋಗಿ ಕ್ಲಾಸಿನ ಬಹುಪಾಲು ಜೋಡಿಗಳು ಥಲಸ್ಸೇಮಿಯಾ ತಂದಿಟ್ಟಿರುತ್ತಾರೆ. ಆಗ ಮಾತ್ರ ಸರಿಯಾದ ತುಣುಕನ್ನು ಅಚ್ಚಾಗಿ ಕೊಟ್ಟು, ಜೀವಕೋಶ ಅದನ್ನು ನೋಡಿ ರಿಪೇರಿ ಮಾಡಿಕೊಳ್ಳುವ ದಾರಿಯನ್ನು ಹೇಳಿ. ಆ ದಾರಿ ಇದೆ, ಆದರೆ ರಕ್ತಕಣಗಳನ್ನು ಹುಟ್ಟಿಸುವ ಮಜ್ಜೆಯ ಸ್ಟೆಮ್ ಸೆಲ್‌ಗಳು ಅದನ್ನು ಹಿಡಿಯುವುದು ಕಡಿಮೆ.

ಕೆಡಿಸಿ ಗುಣಪಡಿಸಿದ್ದು

"ಹಾಗಾದ್ರೆ ಔಷಧಿ ಹೇಗೆ ಬಂತು ಮೇಡಂ?" ಅನ್ನುವ ಪ್ರಶ್ನೆಗೆ ಈಗ ನೆಲ ಹದವಾಗಿದೆ. ಬಸಿರಿನಲ್ಲಿರುವ ಮಗುವಿಗೆ ಬೀಟಾ ಬದಲು ಗಾಮಾ ಸರಪಳಿಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಗಾಮಾ ನಿಂತು ಬೀಟಾ ಬರುತ್ತದೆ. ಸಿಕಲ್ ಸೆಲ್ ಇರುವ ಕೂಸು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುವುದು ಅದಕ್ಕೆ. ಗಾಮಾವನ್ನು ಅದುಮಿಡುವ ಜೀನ್ ಬಿಸಿಎಲ್-11ಎ. ಅದು ಕೆಂಪು ರಕ್ತಕಣವಾಗಲಿರುವ ಜೀವಕೋಶಗಳಲ್ಲಿ ಕೆಲಸ ಮಾಡಲು ಬೇಕಾದ ಒಂದು ಸ್ವಿಚ್ ಭಾಗವನ್ನು ಕ್ರಿಸ್ಪರ್‌ನಿಂದ ಕತ್ತರಿಸಿ ಕೆಡಿಸಿದರು. ಬಸಿರಿನ ಕಾಲದ ಹಿಮೋಗ್ಲೋಬಿನ್ ಮರಳಿ ಬಂತು. ಸಿಕಲ್ ಮ್ಯುಟೇಶನ್ ಇದ್ದಲ್ಲೇ ಇದೆ, ಒಂದಕ್ಷರವನ್ನೂ ಮುಟ್ಟಿಲ್ಲ. ದಾಳ ಏನು ಬಿದ್ದರೂ ಪರವಾಗಿಲ್ಲ, ಕೆಟ್ಟರೆ ಸಾಕು ಅನ್ನುವಂಥ ಜಾಗವನ್ನು ಆರಿಸಿಕೊಂಡದ್ದೇ ಜಾಣತನ.

ಇದು ಕ್ಯಾಸ್ಜೆವಿ ಎಂಬ ಚಿಕಿತ್ಸೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದ ಒಪ್ಪಿಗೆಯ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕಿದ್ದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿ ಬರಲಿಲ್ಲ. ಈ ಅಂಕಿ ಬರೆದ ಪಕ್ಕದಲ್ಲೇ ಇನ್ನೆರಡನ್ನು ಬರೆಯಿರಿ. ಬೆಲೆ 22 ಲಕ್ಷ ಡಾಲರ್, ನಮ್ಮ ದುಡ್ಡಿನಲ್ಲಿ 18 ಕೋಟಿಗೂ ಹೆಚ್ಚು. ಮತ್ತೆ, ರೋಗಿಯ ದೇಹದಿಂದ ಹೊರತೆಗೆದು ತಿದ್ದಿದ ಕಣಗಳನ್ನು ವಾಪಸ್ ಒಳಗೆ ಬಿಡುವ ಮೊದಲು ಹಳೆಯ ಮಜ್ಜೆಯನ್ನು ಬುಸಲ್ಫಾನ್ ಎಂಬ ಕೀಮೋಥೆರಪಿಯಿಂದ ಖಾಲಿ ಮಾಡಬೇಕು. ಯೂಟ್ಯೂಬಿನ ಬಣ್ಣದ ಚಿತ್ರದಲ್ಲಿ ಇದಿರುವುದಿಲ್ಲ.

ಇನ್ನೂ ಮುಂದೆ ಹೋಗುವ ಹುಡುಗರಿದ್ದರೆ ಬೇಸ್ ಎಡಿಟಿಂಗ್ ಕೊಡಿ. ಕತ್ತರಿಸದೆ ಎಯನ್ನು ಜಿ ಮಾಡುವ ಉಪಾಯ ಅದು. ಎದುರಿನ ಎಳೆಯಲ್ಲಿ ಹಾಗೆ ಮಾಡಿದರೆ ನಮ್ಮ ಪಟ್ಟಿಯ ಜಿಟಿಜಿ ಜಿಸಿಜಿ ಆಗುತ್ತದೆ, ವ್ಯಾಲಿನ್ ಹೋಗಿ ಅಲನಿನ್. ಮೂಲಕ್ಕೆ ಮರಳಲಿಲ್ಲ, ಆದರೆ ಈ ಅಲನಿನ್ ಹಿಮೋಗ್ಲೋಬಿನ್ ತೊಂದರೆ ಕೊಡುವುದಿಲ್ಲ. ಇಂಡೊನೇಷ್ಯಾದ ಮಕಸ್ಸರ್ ಊರಿನ ಹೆಸರಿನಲ್ಲಿ ಮನುಷ್ಯರಲ್ಲೇ ಮೊದಲೇ ಕಂಡಿದ್ದ ಬಗೆ ಅದು.

ಭತ್ತ, ಹತ್ತಿ, ಮತ್ತು ಮಗು

ಹತ್ತಿ ಬೆಳೆಯುವ ಊರು ನಮ್ಮದು. ಜೀನ್ ಎಡಿಟಿಂಗ್ ಅಂದರೆ ಬಿಟಿ ಹತ್ತಿ ಅಂತ ಮಕ್ಕಳು ತಿಳಿಯುವುದು ಸಹಜ. 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಒಳಗೆ ಕೂತಿದೆ. 2025ರ ಮೇ 4ರಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) ಘೋಷಿಸಿದ, ಜೀನ್ ಎಡಿಟ್ ಮಾಡಿದ ಎರಡು ಭತ್ತದ ತಳಿಗಳಲ್ಲಿ ಹಾಗೆ ಬೇರೆ ಜೀವಿಯ ಜೀನ್ ಉಳಿದಿಲ್ಲ. ಕಮಲ ಅನ್ನುವುದು ನಮ್ಮ ರೈತರು ಬಿಪಿಟಿ ಅಂತ ಕರೆಯುವ ಸಾಂಬಾ ಮಸೂರಿಯಿಂದ ಬಂದದ್ದು, ಪೂಸಾ ಡಿಎಸ್‌ಟಿ ರೈಸ್-1 ಎಂಟಿಯು 1010 ತಳಿಯಿಂದ. ಮೊದಲನೆಯದರಲ್ಲಿ ಸೈಟೋಕೈನಿನ್ ಎಂಬ ಸಸ್ಯ ಹಾರ್ಮೋನನ್ನು ಒಡೆಯುವ ಜೀನನ್ನು ಕೆಡಿಸಿದ್ದಾರೆ, ತೆನೆಯಲ್ಲಿ ಕಾಳು ಹೆಚ್ಚುತ್ತವೆ. ಎರಡನೆಯದರಲ್ಲಿ ಬರ ಮತ್ತು ಉಪ್ಪಿನ ಸಹನೆಯನ್ನು ತಡೆಯುವ ಜೀನ್ ಕೆಡಿಸಿದ್ದಾರೆ. ಇದು ಕೆಡಿಸುವುದೇ ಅಲ್ಲವಾ ಅಂತ ಮಕ್ಕಳು ತಾವೇ ಗುರುತಿಸಬೇಕು.

ನೀತಿಯ ಚರ್ಚೆಗೆ ಕ್ರಿಸ್ಪರ್ ಬೇಕೋ ಬೇಡವೋ ಅಂತ ಡಿಬೇಟ್ ಇಡಬೇಡಿ. ಎರಡು ಗುಂಪು ಕೂಗಾಡಿ ಮುಗಿಯುತ್ತದೆ. ಹ ಜಿಯಾನ್‌ಕುಯಿ ಪ್ರಕರಣ ಕೊಡಿ. ಚೀನಾದ ಈ ವಿಜ್ಞಾನಿ, ಎಚ್ಐವಿ ಕಣದೊಳಗೆ ನುಗ್ಗಲು ನೆರವಾಗುವ ಸಿಸಿಆರ್-5 ಜೀನನ್ನು ಭ್ರೂಣದಲ್ಲೇ ಕೆಡಿಸಿ ಅವಳಿ ಹೆಣ್ಣುಮಕ್ಕಳು ಹುಟ್ಟಿರುವುದಾಗಿ 2018ರ ನವೆಂಬರಿನಲ್ಲಿ ಹೇಳಿಕೊಂಡ, 2019ರ ಕೊನೆಗೆ ಮೂರು ವರ್ಷ ಜೈಲು ಶಿಕ್ಷೆಯಾಯಿತು. ಎಚ್ಐವಿ ತಡೆಯುತ್ತದೆ ಅಂತ ಗೊತ್ತಿದ್ದ ಬದಲಾವಣೆ 32 ಅಕ್ಷರ ಕಳೆದುಹೋದದ್ದು. ಆ ಮಕ್ಕಳಲ್ಲಿ ಆದದ್ದು ಅದಲ್ಲ, ಹೊಸದೇ ಬದಲಾವಣೆಗಳು. ದಾಳವನ್ನು ಕೈಯಲ್ಲಿ ಎತ್ತಿ ತೋರಿಸಿ ಸಾಕು. ಆಮೇಲೆ ಕೇಳಿ: ಕ್ಯಾಸ್ಜೆವಿಗೆ ರೋಗಿ ತಾನೇ ಸಹಿ ಹಾಕುತ್ತಾನೆ, ಈ ಅವಳಿಗಳ ಪರವಾಗಿ, ಅವರ ಮೊಮ್ಮಕ್ಕಳ ಪರವಾಗಿ ಸಹಿ ಹಾಕುವವರು ಯಾರು?

ಯೂನಿಟ್ ಟೆಸ್ಟಿಗೆ ವ್ಯಾಖ್ಯೆ ಕೇಳುವ ಬದಲು ಪಟ್ಟಿಯನ್ನೇ ಕೊಡಿ. ನಾನು ಇಡುವ ಪ್ರಶ್ನೆ ಇದು: ಎಎಜಿ ಮತ್ತು ಟಿಸಿಟಿ ನಡುವೆ ಒಂದು ಜಿ ಸೇರಿದರೆ ಏನಾಗುತ್ತದೆ? ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಬೀಟಾ ಥಲಸ್ಸೇಮಿಯಾ ಮ್ಯುಟೇಶನ್‌ಗಳಲ್ಲಿ ಇದೂ ಒಂದು. ಎಎಜಿ ಆದ ಮೇಲೆ ಜಿಟಿಸಿ, ಟಿಜಿಸಿ, ಸಿಜಿಟಿ ಅಂತ ಓದುತ್ತ ಹೋದರೆ, ಎಟಿಜಿಯಿಂದ ಎಣಿಸಿ 23ನೆಯದು ಟಿಜಿಎ. ಫ್ರೇಮ್‌ಶಿಫ್ಟ್ ಅಂತ ಹೆಸರಿಸಿದ್ದಕ್ಕೆ ಒಂದು ಮಾರ್ಕ್ಸ್, ಸ್ಟಾಪ್ ಹುಡುಕಿದ್ದಕ್ಕೆ ಎರಡು. ಹೆಸರು ಮರೆತು ಸ್ಟಾಪ್ ಹುಡುಕಿದವರಿಗೂ ನಾನು ಎರಡು ಕೊಡುತ್ತೇನೆ.